ಗಾಲಿ ಮುರಿಯುವ ಊರುಗಳು

ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು. ಆದರೆ ಯಾವಾಗ ನೋಡಿದರೂ ಕೈಯಲ್ಲೊಂದು ಸೂಟ್‌ಕೇಸಿನ ಗಾಲಿ ಇರುತ್ತಿತ್ತು. ಹಾಗಾಗಿ ಬೀದಿಯವರು ಅವನನ್ನು ಚಕ್ರಪಾಣಿ ಎಂದು ಕರೆದರು. ಮೊದಮೊದಲು ತಮಾಷೆಗೆ ಕರೆದದ್ದು, ಆಮೇಲೆ ಅದೇ ಅಂಟಿಕೊಂಡಿತು. ಈಗ ಹಳೆಯ ಹೆಸರು ಗೊತ್ತಿರುವುದು ಹೆಂಡತಿಗೆ ಮಾತ್ರ. ಅವಳೂ ಹೆಸರು ಹಿಡಿದು ಕರೆಯುವವಳಲ್ಲ. "ರೀ" ಅಂದರೆ ಸಾಕು, ಅವನು ತಿರುಗುತ್ತಾನೆ.

ಅಂಗಡಿ ಅಗಲಕ್ಕಿಂತ ಉದ್ದ ಹೆಚ್ಚು, ರೈಲು ಡಬ್ಬಿಯ ಹಾಗೆ. ಒಂದು ಪಕ್ಕ ಕನ್ನಡಕದ ಅಂಗಡಿ, ಇನ್ನೊಂದು ಪಕ್ಕ ಲಾಂಡ್ರಿ. ಲಾಂಡ್ರಿಯ ಬಿಸಿ ಗೋಡೆ ದಾಟಿ ಬರುತ್ತದೆ. ಚಳಿಯಲ್ಲಿ ಅದು ಸುಖ, ಬೇಸಿಗೆಯಲ್ಲಿ ಶಿಕ್ಷೆ. ಮುಂದುಗಡೆ ಕೌಂಟರು. ಅದರ ಹಿಂದೆ ಅವನ ಮೇಜು. ಮೇಜಿನ ಮೇಲೆ ಡ್ರಿಲ್ಲು, ಇಕ್ಕಳ, ರಿವೆಟ್ಟಿನ ಡಬ್ಬಿಗಳು, ರಬ್ಬರ್ ಸುತ್ತಿಗೆ. ಎಲ್ಲಕ್ಕಿಂತ ಹಿಂದೆ, ಕಿಟಕಿಯ ಬೆಳಕು ಬೀಳುವ ಕಡೆ, ಹೆಂಡತಿಯ ಹೊಲಿಗೆ ಯಂತ್ರ. ಗಾಲಿ, ಹಿಡಿ, ಬೀಗ ಇವು ಅವನ ಪಾಲು. ಜಿಪ್ಪು, ಪಟ್ಟಿ, ಸೂಟ್‌ಕೇಸಿನೊಳಗೆ ಹೊಲಿಯುವ ಒಳಬಟ್ಟೆ ಅವಳ ಪಾಲು.

"ಹೊರಗಿನ ಗಾಯ ಅವರಿಗೆ, ಒಳಗಿನ ಗಾಯ ನನಗೆ" ಎಂದು ಅವಳು ಗಿರಾಕಿಗಳಿಗೆ ಹೇಳಿ ನಗುತ್ತಿದ್ದಳು. ಅವನು ನಗುತ್ತಿರಲಿಲ್ಲ, ಆದರೆ ಮೀಸೆ ಸ್ವಲ್ಪ ಅಲ್ಲಾಡುತ್ತಿತ್ತು. ಗೊತ್ತಿದ್ದವರು ಅದನ್ನೇ ನಗು ಎಂದು ತಿಳಿದುಕೊಳ್ಳುತ್ತಿದ್ದರು.

ಓದು ಅವನಿಗೆ ಹತ್ತಲಿಲ್ಲ. ಮಗ್ಗಿ ಹೇಗೋ ಏಳರವರೆಗೆ ಬಂತು, ಎಂಟಕ್ಕೆ ಬರುವ ಮೊದಲೇ ಸೋದರಮಾವನ ಸೈಕಲ್ ಅಂಗಡಿಗೆ ಸೇರಿಸಿದರು. ಅಲ್ಲಿ ರಿಮ್ಮಿನ ಬೆಂಡು ತೆಗೆಯುವುದನ್ನು ಕಲಿತ. ಗಾಲಿ ತಿರುಗಿಸಿ, ಕಿವಿ ಹತ್ತಿರ ಇಟ್ಟು, ಎಲ್ಲಿ ಕುಂಟುತ್ತಿದೆ ಎಂದು ಕೇಳುವುದನ್ನೂ ಕಲಿತ. ಗಾಲಿ ಇರುವ ಸೂಟ್‌ಕೇಸುಗಳು ಆಗಿನ್ನೂ ಹೊಸದು. ಒಂದು ದಿನ ಒಬ್ಬ ಹೆಂಗಸು ಗಾಲಿ ಕಳೆದುಕೊಂಡ ಸೂಟ್‌ಕೇಸನ್ನು ದರದರ ಎಳೆದುಕೊಂಡು ಬಂದು, ರೈಲಿಗೆ ಹೊತ್ತಾಯಿತು ಎಂದು ಅಳುವುದೊಂದು ಬಾಕಿ. ಇವನು ಮಕ್ಕಳ ಮೂರು ಗಾಲಿ ಸೈಕಲ್ಲಿನ ಕೆಂಪು ಗಾಲಿ ಕಿತ್ತು ಹಾಕಿಕೊಟ್ಟ. ಅವಳು ಒಂದು ಕರಿ ಗಾಲಿ, ಒಂದು ಕೆಂಪು ಗಾಲಿ ಉರುಳಿಸಿಕೊಂಡು ರೈಲು ಹತ್ತಿದಳು. ಊರಿಂದ ವಾಪಸು ಬಂದವಳು ತನ್ನ ನೆಂಟರ ಸೂಟ್‌ಕೇಸುಗಳನ್ನೂ ತಂದಳು. ಅಲ್ಲಿಂದ ಸೈಕಲ್ ಹಿಂದೆ ಬಿತ್ತು, ಸೂಟ್‌ಕೇಸು ಮುಂದೆ ಬಂತು.

ಅವನಿಗೊಂದು ರೂಢಿ ಇತ್ತು. ಸೂಟ್‌ಕೇಸು ಕೈಗೆ ಬಂದ ತಕ್ಷಣ, "ಯಾವ ಊರಲ್ಲಿ ಮುರೀತು?" ಎಂದು ಕೇಳುತ್ತಿದ್ದ. ಮುರಿದ ಗಾಲಿಯನ್ನು ಎಸೆಯುತ್ತಿರಲಿಲ್ಲ. ಎಡಗಡೆ ಗೋಡೆಯ ತುಂಬ ಮೊಳೆಗಳು, ಒಂದೊಂದು ಮೊಳೆಗೆ ಒಂದೊಂದು ಊರು. ಮಗಳು ಚಿಕ್ಕವಳಿದ್ದಾಗ ಸ್ಟೂಲು ಹತ್ತಿ ಸೀಮೆಸುಣ್ಣದಲ್ಲಿ ಊರ ಹೆಸರು ಬರೆದಿದ್ದಳು. ಆ ಊರಲ್ಲಿ ಮುರಿದ ಗಾಲಿಗಳನ್ನೆಲ್ಲ ತಂತಿಗೆ ಪೋಣಿಸಿ ಆ ಮೊಳೆಗೇ ನೇತು ಹಾಕುತ್ತಿದ್ದ. ಪ್ರಾಗ್ ಮೊಳೆಯ ಮಾಲೆ ಸೊಂಟದವರೆಗೆ ಬಂದಿತ್ತು. ಲಿಸ್ಬನ್ ಮಂಡಿಯವರೆಗೆ. ರೋಮ್ ಮಾಲೆ ನೆಲ ಮುಟ್ಟಿ ಸುರುಳಿ ಸುತ್ತಿಕೊಂಡಿತ್ತು.

ದೇಶ ಸುತ್ತಬೇಕು, ಕೋಶ ಓದಬೇಕು ಅನ್ನುತ್ತಾರೆ. ಅವನು ಎರಡನ್ನೂ ಮಾಡಿರಲಿಲ್ಲ. ದೇಶ ಸುತ್ತಿ ಸುಸ್ತಾದ ಗಾಲಿಗಳು ಮಾತ್ರ ಅವನ ಹತ್ತಿರ ಬಂದು ಬೀಳುತ್ತಿದ್ದವು.

ಹೆಂಡತಿಯ ಕಡೆ ಅಂಥದೇ ಒಂದು ಗುರುತಿತ್ತು, ಆದರೆ ಒಂದೇ ಒಂದು. ಬಹಳ ಹಿಂದೆ ಸಂಗೀತ ಕಲಿಸುವ ಹೆಂಗಸೊಬ್ಬಳ ಸೂಟ್‌ಕೇಸಿನ ಒಳಬಟ್ಟೆ ಬಿಚ್ಚುವಾಗ ಮಡಿಕೆಯಲ್ಲಿ ನೀಲಿ ಗಾಜಿನ ಮಣಿ ಸಿಕ್ಕಿತು. ಕೊಡಲು ಹೋದರೆ ಆಕೆ ಬೇಡವೆಂದಳು.

"ವೆನಿಸ್‌ದು ಅದು. ನೀವೇ ಇಟ್ಕೊಳ್ಳಿ. ಆ ಊರಲ್ಲಿ ಬೀದಿ ಅಂದ್ರೆ ನೀರು. ಬಸ್ಸೂ ದೋಣಿ, ಆಂಬುಲೆನ್ಸೂ ದೋಣಿ."

ಅವಳು ಮಣಿಯನ್ನು ದಾರಕ್ಕೆ ಕಟ್ಟಿ ಯಂತ್ರದ ದೀಪಕ್ಕೆ ತೂಗು ಹಾಕಿದಳು. ಸಂಜೆಯ ಬಿಸಿಲು ಕಿಟಕಿಯಿಂದ ಬಂದಾಗ ಹೊಲಿಯುವ ಬಟ್ಟೆಯ ಮೇಲೆ ನೀಲಿ ಬೊಟ್ಟು ಬೀಳುತ್ತಿತ್ತು. ಅದು ಬಿದ್ದಾಗಲೆಲ್ಲ ಅವಳು, "ಆಂಬುಲೆನ್ಸೂ ದೋಣಿಯಂತೆ ಕಣ್ರೀ" ಅನ್ನುತ್ತಿದ್ದಳು. ಅವನು "ಹೂಂ" ಅನ್ನುತ್ತಿದ್ದ. ಇದು ಅವರಿಗೆ ಗಡಿಯಾರ ಹೊಡೆದ ಹಾಗೆ, ಯಾರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ಹೀಗಿರುವಾಗ ಬೀದಿಗೆ ನೋಟಿಸು ಬಂತು. ಹಳೆ ನೀರಿನ ಪೈಪು ತೆಗೆದು ಹೊಸದು ಹಾಕುತ್ತಾರೆ, ಒಂದು ವಾರ ಬೀದಿ ಪೂರ್ತಿ ಬಂದ್, ಅಂಗಡಿ ಬಾಗಿಲಿಗೇ ಗುಂಡಿ ಬರುತ್ತದೆ. ಕನ್ನಡಕದವನು ಬೈದ, ಲಾಂಡ್ರಿಯವಳು ಬೈದಳು. ಚಕ್ರಪಾಣಿಯ ಹೆಂಡತಿ ಮಾತ್ರ ನೋಟಿಸನ್ನು ಎರಡು ಸಲ ಓದಿ, ಯಂತ್ರದಿಂದ ಸೂಜಿ ಬಿಚ್ಚಿಟ್ಟು ಕೂತಳು.

"ರೀ, ಒಂದು ವಾರ ನಾವೇನ್ ಮಾಡೋದು?"

"ಅಟ್ಟ ಕ್ಲೀನ್ ಮಾಡೋಣ."

"ಅಟ್ಟ ಅಂತೆ ಅಟ್ಟ! ಊರವರ ಬ್ಯಾಗೆಲ್ಲ ರಿಪೇರಿ ಮಾಡಿ ದೇಶದೇಶಕ್ಕೆ ಕಳ್ಸಿದ್ವಿ. ನಮ್ದು ಅಂತ ಒಂದು ಬ್ಯಾಗು ಈ ಬೀದಿ ತಿರುವು ದಾಟಿಲ್ಲ. ಮುಂದಿನ ವರ್ಷ ನನ್ನ ಮಂಡಿ ಆಪರೇಷನ್ನು. ಆಮೇಲೆ ಎಷ್ಟು ಓಡಾಡ್ತೀನೋ ಏನೋ."

ಅವಳ ಬಲಮಂಡಿ ಸವೆದಿತ್ತು. ಅಷ್ಟು ವರ್ಷ ಯಂತ್ರದ ಪೆಡಲು ತುಳಿದ ಕಾಲು. ಡಾಕ್ಟರು, ಈ ವರ್ಷ ಹೀಗೇ ನಡೆಸಬಹುದು, ಮುಂದಿನ ವರ್ಷ ಆಪರೇಷನ್ ಮಾಡೋಣ ಎಂದಿದ್ದರು.

ಅವನು ಕೈಯಲ್ಲಿದ್ದ ಗಾಲಿಯನ್ನು ಒಂದು ಸುತ್ತು ತಿರುಗಿಸಿದ. ಅದು ನಿಲ್ಲುವವರೆಗೆ ಕಾದ.

"ಹೋಗೋಣ" ಎಂದ.

ಜಗಳಕ್ಕೆ ಸೆರಗು ಕಟ್ಟಿಕೊಂಡು ಕೂತಿದ್ದ ಅವಳು ಕಟ್ಟಿದ ಸೆರಗು ಬಿಟ್ಟಳು. "ನಿಜವಾಗ್ಲೂನಾ?" ಎಂದಳು.

"ಹೂಂ. ಯುರೋಪಿಗೆ."

ಇಬ್ಬರೂ ದುಡಿದವರು, ಒಂದಿಷ್ಟು ಕೂಡಿಟ್ಟಿದ್ದರು. ಹೋಗುವುದು ಕಷ್ಟವಿರಲಿಲ್ಲ. ಯಾವ ಊರಿಗೆ ಹೋಗುವುದು ಅನ್ನುವುದೇ ಕಷ್ಟವಾಯಿತು.

ಭಾನುವಾರ ಊಟದ ಮೇಜಿನ ಸುತ್ತ ಮನೆಯವರ ಸಭೆ ಸೇರಿತು. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಮಗಳು ಬಂದಳು. ಹೆಂಡತಿಯ ತಮ್ಮನೂ ಬಂದ. ಅವನು ನೆಲಕ್ಕೆ ಹಾಸುವ ಟೈಲ್ಸ್ ಕಂಪನಿಯಲ್ಲಿ ಊರೂರು ತಿರುಗಿ ಆರ್ಡರ್ ಹಿಡಿಯುವವನು. ಕಾಲಿಗೆ ಚಕ್ರ ಕಟ್ಟಿಕೊಂಡವನು ಅನ್ನುತ್ತಾರಲ್ಲ, ಹಾಗೆ. ಮನೆಯಲ್ಲಿ ಅವನಿಗೆ ಎಕ್ಸ್‌ಪ್ರೆಸ್ ಎಂದೇ ಹೆಸರು. ಕೈಯಲ್ಲಿ ಚಕ್ರ ಇದ್ದ ಭಾವ ಊರು ಬಿಟ್ಟು ಹೋಗಲಿಲ್ಲ, ಕಾಲಲ್ಲಿ ಚಕ್ರ ಇದ್ದ ಭಾವಮೈದ ಊರಲ್ಲಿ ನಿಲ್ಲಲಿಲ್ಲ.

ಎಕ್ಸ್‌ಪ್ರೆಸ್ ಕೂರುವ ಮೊದಲೇ ಶುರು ಮಾಡಿದ.

"ಏಳು ದಿನ, ಏಳು ಊರು. ಲೆಕ್ಕ ಸುಲಭ ಭಾವ. ಪ್ಯಾರಿಸ್ಸಲ್ಲಿ ತಿಂಡಿ, ಬ್ರಸೆಲ್ಸಲ್ಲಿ ಊಟ, ರಾತ್ರಿ ಹೊತ್ತಿಗೆ ಆಮ್‌ಸ್ಟರ್‌ಡ್ಯಾಮು."

"ಸ್ನಾನ ಎಲ್ಲಿ ಮಾಮ?" ಮಗಳು ಕೇಳಿದಳು.

"ಸ್ನಾನ ಮನೆಗೆ ಬಂದು ಮಾಡ್ಲಿ ಪುಟ್ಟಿ. ನೀರು ಎಲ್ಲೂ ಓಡಿ ಹೋಗಲ್ಲ."

"ಲೋ, ನಾವು ಊರು ನೋಡೋಕೆ ಹೋಗ್ತಿದೀವೋ, ಊರಿಗೆ ಮುಖ ತೋರ್ಸಿ ಬರೋಕೆ ಹೋಗ್ತಿದೀವೋ?" ಅಕ್ಕ ಅವನ ತಟ್ಟೆಗೆ ಇನ್ನೊಂದು ಬ್ರೆಡ್ಡಿನ ತುಂಡು ಹಾಕಿದಳು, ಬಾಯಿಗೆ ಕೆಲಸ ಕೊಟ್ಟರೆ ಮಾತು ಕಡಿಮೆಯಾದೀತು ಎಂದು.

"ಎರಡೇ ಊರು ಸಾಕಮ್ಮ. ಮೂರಾದ್ರೆ ಜಾಸ್ತಿ" ಎಂದಳು ಮಗಳು. "ಪ್ಯಾರಿಸ್ ಒಂದು ಇರ್ಲಿ. ಅಪ್ಪ, ಪ್ಯಾರಿಸ್?"

ಅವನು ಸ್ವಲ್ಪ ಯೋಚಿಸಿದ. "ಅಲ್ಲಿ ನೆಲದೊಳಗಿನ ರೈಲು. ಮೆಟ್ಟಿಲು ಜಾಸ್ತಿ. ಹಿಡಿ ಕಿತ್ತು ಬರುತ್ತೆ."

"ಪ್ರಾಗ್?"

"ಕಲ್ಲು ಹಾಸಿದ ಬೀದಿ. ಬೇರಿಂಗೇ ಹೋಗುತ್ತೆ."

"ಲಿಸ್ಬನ್?"

"ಏರು. ಇಳಿಯುವಾಗ ಗಾಲಿ ಒಂದೇ ಕಡೆ ಸವೆಯುತ್ತೆ."

"ವಿಯೆನ್ನಾ? ವಿಯೆನ್ನಾಕ್ಕೆ ಏನಾಗಿದೆ ಭಾವ?" ಎಕ್ಸ್‌ಪ್ರೆಸ್ ಬಾಯಿ ತುಂಬ ಬ್ರೆಡ್ಡಿಟ್ಟುಕೊಂಡೇ ಕೇಳಿದ.

"ಟ್ರಾಮಿನ ಕಂಬಿ. ಗಾಲಿ ಸಿಕ್ಕಿಹಾಕ್ಕೊಳ್ಳುತ್ತೆ."

"ಅಯ್ಯೋ, ನೀವು ಊರು ಕೇಳಿದ್ರೆ ರೋಗ ಹೇಳ್ತಿದೀರಲ್ಲ!"

ಆಗ ಹೆಂಡತಿ, ಅಷ್ಟು ಹೊತ್ತು ಮೇಜಿನ ಬಟ್ಟೆಯ ಅಂಚು ಸುರುಳಿ ಸುತ್ತುತ್ತಿದ್ದವಳು, ತಲೆ ಎತ್ತದೆ ಹೇಳಿದಳು.

"ವೆನಿಸ್."

ಮಗಳು ಅಪ್ಪನ ಮುಖ ನೋಡಿದಳು. ಎಕ್ಸ್‌ಪ್ರೆಸ್ ಅಗಿಯುವುದನ್ನು ನಿಲ್ಲಿಸಿದ. ನೀಲಿ ಮಣಿ ಮನೆಯವರಿಗೆಲ್ಲ ಗೊತ್ತಿತ್ತು.

"ಅಲ್ಲಿ ಹೆಜ್ಜೆಗೊಂದು ಸೇತುವೆ" ಎಂದ ಚಕ್ರಪಾಣಿ. "ಸೇತುವೆಗೆಲ್ಲ ಮೆಟ್ಟಿಲು. ಬೇಡ."

"ಮತ್ತೆ ಯಾವ್ದು ಬೇಕು ನಿಮಗೆ?"

"ರಾಟರ್‌ಡ್ಯಾಮ್. ಅಲ್ಲಿಂದ ಒಂದೇ ಗಾಲಿ ಬಂದಿರೋದು. ರಸ್ತೆ ಚೆನ್ನಾಗಿದೆ."

"ರಸ್ತೆ ನೋಡೋಕಾ? ಅಷ್ಟು ದೂರ ಹೋಗಿ ರಸ್ತೆ ನೋಡ್ಕೊಂಡು ಬರ್ಬೇಕಾ?" ಅವಳು ಎದ್ದು ತಟ್ಟೆಗಳನ್ನು ಒಂದರ ಮೇಲೊಂದು ಇಟ್ಟ ಶಬ್ದಕ್ಕೇ ಎಲ್ಲರಿಗೂ ಅರ್ಥವಾಯಿತು. "ನಮ್ಮ ಬೀದಿಗೂ ಹೊಸ ರಸ್ತೆ ಹಾಕ್ತಾರಲ್ಲ ಪೈಪು ಮುಚ್ಚಿ. ಇಲ್ಲೇ ಕುರ್ಚಿ ಹಾಕ್ಕೊಂಡು ನೋಡೋಣ!"

ಅಲ್ಲಿಂದ ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬ ಹಾಗಾಯಿತು. ಅಂಗಡಿಯಲ್ಲಿ ಗಾಲಿಯವನಿಗೂ ಒಳಬಟ್ಟೆಯವಳಿಗೂ ಮಾತಿಲ್ಲ. ಏನಾದರೂ ಬೇಕಿದ್ದರೆ ಅವಳು ಗಿರಾಕಿಗೆ ಹೇಳುತ್ತಿದ್ದಳು. "ಅವರಿಗೆ ಹೇಳಿ, ಕತ್ತರಿ ಇತ್ತ ಕೊಡೋಕೆ." ಗಿರಾಕಿ ತಿರುಗಿ ನೋಡಿದರೆ ಅವನು ಆಗಲೇ ಕತ್ತರಿ ಹಿಡಿದು ನಿಂತಿರುತ್ತಿದ್ದ. ಯಂತ್ರ ಮಾತ್ರ ಎಂದಿಗಿಂತ ಜೋರಾಗಿ ಓಡುತ್ತಿತ್ತು. ಸಂಜೆ ನೀಲಿ ಬೊಟ್ಟು ಬಿದ್ದರೂ ಅವಳು ಆಂಬುಲೆನ್ಸಿನ ಮಾತು ಎತ್ತಲಿಲ್ಲ. ಅವನು ಒಂದೆರಡು ಸಲ ಸುಮ್ಮನೆ "ಹೂಂ" ಎಂದ. ಅತ್ತ ಕಡೆಯಿಂದ ಏನೂ ಬರಲಿಲ್ಲ.

ಬೀದಿಯ ಮೂಲೆಯಲ್ಲಿ ಪ್ರಯಾಣದ ಟಿಕೆಟ್ ಮಾಡಿಕೊಡುವ ಆಫೀಸಿತ್ತು. ಅದನ್ನು ನಡೆಸುವ ಹೆಂಗಸನ್ನು ಎಲ್ಲರೂ ಟಿಕೆಟ್ ಮೇಡಮ್ ಅನ್ನುತ್ತಿದ್ದರು. ದೊಡ್ಡ ಗಂಟಲು, ಅದಕ್ಕಿಂತ ದೊಡ್ಡ ನಗು. ರಿಪೇರಿಗೆ ಬಿಟ್ಟಿದ್ದ ಬ್ಯಾಗು ತೆಗೆದುಕೊಂಡು ಹೋಗಲು ಬಂದವಳು ಕೌಂಟರಿಗೆ ಮೊಳಕೈ ಊರಿ ನಿಂತಳು.

"ಏನಪ್ಪಾ ಚಕ್ರಪಾಣಿ, ಗುಂಡಿ ತೋಡೋ ದಿನ ಹತ್ರ ಬಂತು. ಇನ್ನೂ ನಿಮ್ಮ ಟಿಕೆಟ್ ಆಗಿಲ್ಲ. ಯಾವ ಊರು ಅಂತ ಹೇಳಿದ್ರೆ ತಾನೇ ನಾನು ಮಾಡೋದು?"

"ಅವರಿಗೆ ಗಾಲಿ ಮುರೀದಿರೋ ಊರು ಬೇಕಂತೆ ಮೇಡಮ್" ಎಂದಳು ಹೆಂಡತಿ, ಯಂತ್ರದ ಹಿಂದಿನಿಂದ. "ಆ ಗೋಡೆ ನೋಡಿ ಆರಿಸ್ತಾರಂತೆ."

ಟಿಕೆಟ್ ಮೇಡಮ್ ಗೋಡೆಯ ಹತ್ತಿರ ಹೋಗಿ ಮೊಳೆಯಿಂದ ಮೊಳೆಗೆ ನೋಡಿದಳು. ರೋಮ್ ಮಾಲೆಯನ್ನು ಎತ್ತಿ ತೂಕ ನೋಡಿದಳು. ಆಮೇಲೆ ನಗಲು ಶುರು ಮಾಡಿದಳು. ಪಕ್ಕದ ಕನ್ನಡಕದವನು ಬಾಗಿಲಿಗೆ ಬಂದು ಇಣುಕಿ ಹೋದ.

"ಅಲ್ರೀ, ರೋಮಿಗೆ ನಾನು ದಿನಾ ಟಿಕೆಟ್ ಹರೀತೀನಿ. ಎಲ್ಲರೂ ಅಲ್ಲಿಗೆ ಹೋದ್ರೆ ಎಲ್ಲರ ಗಾಲಿನೂ ಅಲ್ಲೇ ತಾನೇ ಮುರಿಯೋದು? ಮುರೀದೆ ಬಂದವರು ನಿಮ್ಮ ಅಂಗಡಿಗೆ ಯಾಕೆ ಬರ್ತಾರೆ, ಕಾಫಿ ಕುಡಿಯೋಕಾ? ಡಾಕ್ಟ್ರು ಆಸ್ಪತ್ರೇಲಿ ಕೂತು ಊರಲ್ಲಿರೋರಿಗೆಲ್ಲ ಜ್ವರ ಅಂದ ಹಾಗಾಯ್ತು ನಿಮ್ಮ ಕತೆ."

ಚಕ್ರಪಾಣಿ ಮೀಸೆ ಮುಟ್ಟಿಕೊಂಡ. ಇದು ಅವನಿಗೆ ಹೊಳೆದಿರಲಿಲ್ಲ.

"ರಾಟರ್‌ಡ್ಯಾಮು?" ಎಂದ.

"ಈ ಬೀದಿಯಿಂದ ರಾಟರ್‌ಡ್ಯಾಮಿಗೆ ಹೋದವರು ಒಬ್ಬರೇ. ನಾನೇ ಟಿಕೆಟ್ ಮಾಡಿಕೊಟ್ಟಿದ್ದೆ. ಆ ಒಬ್ಬರ ಗಾಲಿನೂ ಮುರ್ಕೊಂಡೇ ಬಂದಿದೆ! ಇಲ್ಲೇ ನೇತಾಡ್ತಿದೆ ನೋಡಿ!"

ಹೆಂಡತಿಗೆ ಮೌನವ್ರತ ಮರೆತೇಹೋಯಿತು. ಯಂತ್ರದ ಮೇಲೆ ತಲೆ ಇಟ್ಟು ನಕ್ಕಳು. ನಕ್ಕು ಕಣ್ಣೊರೆಸಿಕೊಂಡು, "ಇನ್ನಾದ್ರೂ ವೆನಿಸ್ ಅನ್ರೀ" ಎಂದಳು.

"ಬೇರೆ ಎಲ್ಲಾದ್ರೂ ಸರಿ" ಎಂದ ಅವನು. "ವೆನಿಸ್ ಬೇಡ."

ಅವಳು ಎದ್ದು ನಿಂತಳು.

"ಗಾಲಿ, ಗಾಲಿ, ಗಾಲಿ! ಮುರಿದ್ರೆ ಮುರೀಲಿ ಬಿಡ್ರೀ! ಹಾಕೋದು ನೀವೇ ತಾನೇ?"

"ಗಾಲಿ ಮುರಿದ್ರೆ ಹಾಕ್ತೀನಿ" ಎಂದ ಚಕ್ರಪಾಣಿ. ಅಷ್ಟಕ್ಕೇ ನಿಲ್ಲಿಸುತ್ತಾನೆ ಅಂದುಕೊಂಡರು. ಆದರೆ ಅವನು ಕೈಯಲ್ಲಿದ್ದ ಇಕ್ಕಳವನ್ನು ಮೇಜಿನ ಮೇಲಿಟ್ಟ. "ಹಿಡಿ ಮುರಿದ್ರೂ ಹಾಕ್ತೀನಿ. ನಿನ್ನ ಮಂಡಿ ಹೋದ್ರೆ ನಾನೇನ್ ಹಾಕ್ಲಿ? ಅದಕ್ಕೆ ನನ್ನ ಹತ್ರ ಸ್ಪೇರ್ ಇಲ್ವಲ್ಲೇ."

 ಟಿಕೆಟ್ ಮೇಡಮ್ ಕೌಂಟರಿನ ಮೇಲಿದ್ದ ತನ್ನ ಬ್ಯಾಗಿನ ಜಿಪ್ಪನ್ನು ಸುಮ್ಮನೆ ಎಳೆದು, ಮತ್ತೆ ಮುಚ್ಚಿದಳು.

ಹೆಂಡತಿ ಮೆಲ್ಲಗೆ ಕೂತಳು. ಮೆಟ್ಟಿಲು, ಏರು, ಕಲ್ಲು, ಕಂಬಿ. ಮೇಜಿನ ಮುಂದೆ ಅವನು ಹೇಳಿದ ಒಂದೊಂದು ಮಾತೂ ಈಗ ಬೇರೆ ಥರ ಕೇಳಿಸಿತು.

"ಮಂಡಿ ಅಂತ ಒಂದು ಮಾತು ಮೊದಲೇ ಹೇಳಿದ್ರೆ ನಾಲಿಗೆ ಸವೀತಿತ್ತಾ?"

"ಹೇಳಿದ್ರೆ ನೀನು ಹೋಗೋದೇ ಬೇಡ ಅಂತಿದ್ದೆ."

ಅದು ನಿಜ. ತನ್ನಿಂದ ಯಾರಿಗಾದರೂ ತೊಂದರೆ ಅಂತ ಗೊತ್ತಾದರೆ ಅವಳು ಅಲ್ಲಿಗೇ ಆಸೆಯನ್ನು ಮಡಚಿ ಒಳಗಿಟ್ಟು ಹೊಲಿಗೆ ಹಾಕಿಬಿಡುವವಳು. ಅದು ಅವಳಿಗೂ ಗೊತ್ತಿತ್ತು. ಹಾಗಾಗಿ ಜಗಳ ಮುಂದುವರಿಸಲು ಬೇರೆ ದಾರಿ ಹುಡುಕಿದಳು.

"ಮಂಡಿ ನಂದು. ಅದನ್ನ ಒಂದು ಮಾತು ಕೇಳಿದ್ರಾ ನೀವು? ಅದಕ್ಕೂ ಊರು ನೋಡೋ ಆಸೆ ಇದೆ. ನಿಧಾನಕ್ಕೆ ಹತ್ತುತ್ತೀನಿ. ನೋವಾದ ಕಡೆ ಕೂತ್ಕೋತೀನಿ."

"ಎಲ್ಲಿ ಕೂತ್ಕೋತೀಯಾ? ಕೂರೋಕೆ ಅಲ್ಲಿ ಬೆಂಚೇ ಕಮ್ಮಿಯಂತೆ. ಬಂದವರೆಲ್ಲ ಅದನ್ನೇ ಹೇಳ್ತಾರೆ."

"ಅದೂ ನಿಜಾನೇ" ಎಂದಳು ಟಿಕೆಟ್ ಮೇಡಮ್. ತಕ್ಷಣ ಹೆಂಡತಿಯ ಮುಖ ನೋಡಿ, "ನಾನು ಏನೂ ಹೇಳ್ಲಿಲ್ಲ" ಎಂದಳು.

ಚಕ್ರಪಾಣಿ ತಲೆ ಎತ್ತಿ ಸೂರಿನಿಂದ ನೇತಾಡುತ್ತಿದ್ದ ಹಳೆ ಸೂಟ್‌ಕೇಸುಗಳನ್ನು ನೋಡುತ್ತಿದ್ದ. ಯಾರೂ ವಾಪಸು ತೆಗೆದುಕೊಂಡು ಹೋಗದೆ ಉಳಿದವು ಅವು. ನೋಡುತ್ತ ನೋಡುತ್ತ ಅವನ ಕೈ ತಾನಾಗಿ ರಬ್ಬರ್ ಸುತ್ತಿಗೆಯ ಕಡೆ ಹೋಯಿತು. ಆಮೇಲೆ ಸೀಮೆಸುಣ್ಣದ ತುಂಡು ತೆಗೆದುಕೊಂಡು ಹೆಂಡತಿಯ ಹತ್ತಿರ ಬಂದು, ಅವಳು ಕೂತಿದ್ದ ಸ್ಟೂಲಿನ ಎತ್ತರವನ್ನು ಗೋಡೆಯ ಮೇಲೆ ಗೆರೆ ಎಳೆದು ಗುರುತು ಮಾಡಿದ.

"ಏನ್ರೀ ಮಾಡ್ತಿದೀರಾ?"

"ಇದ್ರಲ್ಲಿ ಕೂತ್ರೆ ಮಂಡಿ ನೋವಾಗುತ್ತಾ?"

"ಇಲ್ಲ. ಇದು ಸರಿಯಾಗಿದೆ."

"ಹಾಗಾದ್ರೆ ವೆನಿಸ್" ಎಂದ.

ಟಿಕೆಟ್ ಮೇಡಮ್ ಮೊದಲು ಕೈ ತಟ್ಟಿದಳು, ಆಮೇಲೆ ಏನು ನಡೆಯಿತು ಎಂದು ಯೋಚಿಸಿದಳು. "ಸರಿ, ಒಂದಾಯ್ತು. ಒಂದು ವಾರಕ್ಕೆ ಎರಡು ಊರು ಆರಾಮಾಗಿ ಆಗುತ್ತೆ. ಇನ್ನೊಂದು?"

ಹೆಂಡತಿ ಗಂಡನ ಕಡೆ ತಿರುಗಿದಳು.

"ಅವರನ್ನೇ ಕೇಳಿ ಮೇಡಮ್. ಬೇಡದ ಊರು ಎಲ್ಲಾ ಹೇಳಿದ್ರು. ಬೇಕಾದ ಊರು ಯಾವ್ದು ಅಂತ ನಾವೂ ಕೇಳಿಲ್ಲ, ಅವರೂ ಹೇಳಿಲ್ಲ."

ಚಕ್ರಪಾಣಿ ಗೋಡೆಯ ಕಡೆ ನೋಡಿದ. ಮುಖ ಕೆಂಪಗಾಯಿತು, ಹೆಣ್ಣು ನೋಡಲು ಬಂದ ಹುಡುಗನ ಹಾಗೆ. ನೆಲ ಮುಟ್ಟಿದ್ದ ಮಾಲೆಯತ್ತ ಬೆರಳು ತೋರಿಸಿದ.

"ರೋಮಾ? ಅಲ್ಲೇ ತಾನೇ ಅತಿ ಹೆಚ್ಚು ಮುರಿಯೋದು?" ಎಂದಳು ಹೆಂಡತಿ.

"ಅದಕ್ಕೇ. ಆ ಕಲ್ಲನ್ನ ಒಂದ್ಸಲ ನೋಡ್ಬೇಕು." ಮಾತು ಸಾಲದು ಅನಿಸಿರಬೇಕು, ಸೇರಿಸಿದ. "ಇಷ್ಟು ವರ್ಷ ನಮಗೆ ಅನ್ನ ಹಾಕಿದೆ ಅದು."

ಬೀದಿ ಅಗೆಯುವ ಮೊದಲು ಅವನು ಬೇರೆ ಕೆಲಸ ಮುಟ್ಟಲಿಲ್ಲ. ಸೂರಿನಿಂದ ಗಟ್ಟಿಯಾದ ಒಂದು ಹಳೆ ಸೂಟ್‌ಕೇಸು ಇಳಿಸಿದ. ಒಳಗೆ ನಾಲ್ಕು ಮೂಲೆಗೂ ಅಲ್ಯೂಮಿನಿಯಂ ಪಟ್ಟಿ ಕೊಟ್ಟ. ಮುಚ್ಚಳದ ಮೇಲೆ ಸ್ಪಂಜು ಇಟ್ಟು, ಅದಕ್ಕೆ ಹೆಂಡತಿ ಕಂದು ಬಣ್ಣದ ದಪ್ಪ ಬಟ್ಟೆ ಹೊಲಿದಳು. ಮಕ್ಕಳ ತಳ್ಳುಗಾಡಿಯಿಂದ ತೆಗೆದ ದೊಡ್ಡ ರಬ್ಬರ್ ಗಾಲಿಗಳನ್ನು ಹಾಕಿದ. ಕೂತಾಗ ಉರುಳದ ಹಾಗೆ ಕಾಲಲ್ಲಿ ಒತ್ತುವ ಬ್ರೇಕು. ಎತ್ತರ ಸರಿಯಾಗಿ ಗೋಡೆಯ ಗೆರೆಗೆ. ಸಿದ್ಧವಾದ ಮೇಲೆ ಮೊದಲು ಎಕ್ಸ್‌ಪ್ರೆಸ್‌ನನ್ನೇ ಕೂರಿಸಿ ನೋಡಿದರು, ಮನೆಯಲ್ಲಿ ಅವನೇ ಭಾರದ ಮನುಷ್ಯ.

"ಭಾವ, ಇದು ಚೆನ್ನಾಗಿದೆ. ಇದನ್ನ ತಗೊಂಡು ಹೋದ್ರೆ ಏಳು ಊರು ಆಗುತ್ತೆ ನೋಡಿ, ಈಗ್ಲೂ ಹೇಳ್ತೀನಿ..."

"ಏಳೋ ಮೇಲೆ" ಎಂದಳು ಅಕ್ಕ. "ಏಳು ಊರಂತೆ. ಮೊದಲು ನನ್ನ ಸೀಟಿಂದ ಏಳು."

ಮಗಳು ನೋವಿನ ಮುಲಾಮು, ಮಂಡಿಗೆ ಹಾಕುವ ಪಟ್ಟಿ ತಂದುಕೊಟ್ಟಳು. ಅಪ್ಪನಿಗೂ ಒಂದು ಪಟ್ಟಿ ಹೆಚ್ಚಿಗೆ ಇಟ್ಟಳು. "ನನಗ್ಯಾಕೆ?" ಎಂದು ಅವನು ತೆಗೆದು ಬಿಸಾಕಿದ. ಅವಳು ಮತ್ತೆ ಸದ್ದಿಲ್ಲದೆ ಚೀಲದೊಳಗೆ ತುರುಕಿದಳು.

ರೋಮಿನಲ್ಲಿ ಜನ ದೊಡ್ಡ ದೊಡ್ಡ ಕಟ್ಟಡಗಳನ್ನು ತಲೆ ಎತ್ತಿ ನೋಡುತ್ತಿದ್ದರು. ಚಕ್ರಪಾಣಿ ಒಬ್ಬನೇ ತಲೆ ತಗ್ಗಿಸಿ ನಡೆದ. ಕಪ್ಪು ಚೌಕ ಕಲ್ಲುಗಳು, ಅಂಗೈ ಅಗಲದವು, ಒಂದರ ಪಕ್ಕ ಒಂದು, ಮೇಲೆ ಸವೆದು ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತಿದ್ದವು. ಒಂದು ಸಣ್ಣ ಗಲ್ಲಿಯಲ್ಲಿ ಅವನು ಕುಕ್ಕರುಗಾಲಲ್ಲಿ ಕೂತು ಕಲ್ಲಿನ ಮೇಲೆ ಕೈ ಸವರಿದ. ಎರಡು ಕಲ್ಲಿನ ನಡುವಿನ ಸಂದಿಗೆ ಬೆರಳು ಹಾಕಿ ನೋಡಿದ. ಹೆಂಡತಿ ತನ್ನ ಸೀಟಿನ ಮೇಲೆ ಕೂತು ಐಸ್‌ಕ್ರೀಮ್ ತಿನ್ನುತ್ತ ಇದನ್ನೆಲ್ಲ ನೋಡುತ್ತಿದ್ದಳು.

ಗಲ್ಲಿ ಗುಡಿಸುತ್ತಿದ್ದ ಒಬ್ಬ ಮನುಷ್ಯ ಪೊರಕೆ ನಿಲ್ಲಿಸಿ ಹತ್ತಿರ ಬಂದ. ಏನಾದರೂ ಬಿದ್ದುಹೋಯಿತೇ ಎಂದು ಕೈಸನ್ನೆಯಲ್ಲಿ ಕೇಳಿದ. ಚಕ್ರಪಾಣಿ ಜೇಬಿನಿಂದ ಒಂದು ಒಡೆದ ಗಾಲಿ ತೆಗೆದ. ಗೋಡೆಯ ಮಾಲೆಯಿಂದ ಬಿಚ್ಚಿ ತಂದಿದ್ದನ್ನು ಹೆಂಡತಿಗೂ ಹೇಳಿರಲಿಲ್ಲ. ಗಾಲಿಯನ್ನು ಕಲ್ಲಿನ ಸಂದಿಯಲ್ಲಿ ಇಟ್ಟ. ಅಳತೆ ಮಾಡಿ ಕೆತ್ತಿದ ಹಾಗೆ ಕೂತಿತು. ಗುಡಿಸುವವನು ಗಾಲಿ ನೋಡಿದ, ಕಲ್ಲು ನೋಡಿದ, ಇವನ ಕೈಯ ಗಾಯದ ಕಲೆಗಳನ್ನು ನೋಡಿದ. ಆಮೇಲೆ ಜೋರಾಗಿ ನಕ್ಕು, ತನ್ನ ಕಸದ ಗಾಡಿಯ ತಳಕ್ಕೆ ಕೈ ಹಾಕಿ ಇನ್ನೂ ಮೂರು ಮುರಿದ ಗಾಲಿಗಳನ್ನು ತೆಗೆದು ಇವನ ಅಂಗೈ ಮೇಲಿಟ್ಟ.

ಚಕ್ರಪಾಣಿಯ ಮೀಸೆ ಅಲ್ಲಾಡಿತು. ಹಲ್ಲೂ ಕಂಡವು.

"ರೀ, ಇಷ್ಟು ದೂರ ಬಂದು ಕಸ ಕಟ್ಕೊಂಡು ಹೋಗ್ಬೇಡಿ" ಎಂದಳು ಹೆಂಡತಿ. ಹೇಳಿ, ತಾನೇ ಅವನ್ನು ಕರವಸ್ತ್ರದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡಳು.

ವೆನಿಸ್ಸಿಗೆ ರೈಲಿನಲ್ಲಿ ಹೋದರು. ನಿಲ್ದಾಣದ ಬಾಗಿಲು ದಾಟಿದರೆ ಎದುರಿಗೆ ಬೀದಿ ಇರಬೇಕಾದ ಕಡೆ ನೀರು. ಅವಳು ಅಲ್ಲೇ ನಿಂತುಬಿಟ್ಟಳು. ಹಿಂದೆ ಬರುವವರು ಪಕ್ಕಕ್ಕೆ ಸರಿದು ಹೋದರು. ಒಂದು ಬಸ್ಸು ದೋಣಿ ಬಂತು, ಜನ ಇಳಿದರು, ಜನ ಹತ್ತಿದರು. ಒಂದು ದೋಣಿಯಲ್ಲಿ ಸಾಮಾನಿನ ಪೆಟ್ಟಿಗೆಗಳು, ಇನ್ನೊಂದರಲ್ಲಿ ಒಗೆಯುವ ಬಟ್ಟೆಯ ಮೂಟೆಗಳು.

"ನೋಡಿ, ಲಾಂಡ್ರಿನೂ ದೋಣಿ!" ಎಂದಳು.

ಅಷ್ಟರಲ್ಲಿ ಸೈರನ್ ಹೊಡೆದುಕೊಂಡು ಒಂದು ಹಳದಿ ದೋಣಿ ನೀರು ಸೀಳಿ ಹೋಯಿತು. ಇಬ್ಬರೂ ಅದನ್ನು ತಿರುವು ದಾಟುವವರೆಗೆ ನೋಡಿದರು.  ಈ ಸಲ ಅವನೇ ಹೇಳಿದ.

"ಆಂಬುಲೆನ್ಸೂ ದೋಣಿ."

"ಹೂಂ" ಎಂದಳು ಅವಳು.

ಆ ಮೇಲೆ ಸೇತುವೆಗಳು ಶುರುವಾದವು. ಪ್ರತಿ ಸೇತುವೆಯ ಬುಡದಲ್ಲೂ ಅವನು ಸೂಟ್‌ಕೇಸನ್ನು ಹೆಗಲ ಮೇಲೆ ಎತ್ತಿಕೊಳ್ಳುತ್ತಿದ್ದ, ಗಾಲಿ ಮೇಲೆ ಮಾಡಿ. ಒಂದೂ ಗಾಲಿಯನ್ನು ಮೆಟ್ಟಿಲಿಗೆ ತಾಗಿಸಲಿಲ್ಲ. ಹೆಂಡತಿ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿದಳು. ಮೊದಲ ಸೇತುವೆಯ ಆಚೆ ಸೀಟು ಹಾಕಿ ಕೂತಳು. ಎರಡನೆಯದರಲ್ಲೂ ಕೂತಳು. ಆಮೇಲೆ ಒಂದು ಕಡೆ ಗಾಜಿನ ಮಣಿಯ ಅಂಗಡಿ ಕಂಡಿತು, ಇನ್ನೊಂದು ಕಡೆ ಸಾಲು ದೋಣಿ ಕಂಡವು, ಕೂರುವುದು ಮರೆತೇಹೋಯಿತು. ಊರಿಗೆ ಬಂದವಳು ನೀರಿಗೆ ಬರದೇ ಇರುತ್ತಾಳೆಯೇ? ಇವಳು ನೀರು ಕಂಡ ಕಡೆಯೆಲ್ಲ ಹೋದಳು.

ಸಂಜೆಗೆ ಒಂದು ದೊಡ್ಡ ಸೇತುವೆ ಬಂತು. ಅವಳು ಹತ್ತಿಯೇಬಿಟ್ಟಳು. ತುದಿಗೆ ಹೋಗಿ ತಿರುಗಿ ನೋಡಿದರೆ ಗಂಡ ಹಿಂದೆ ಇಲ್ಲ. ಕೆಳಗೆ, ಮೊದಲ ಮೆಟ್ಟಿಲ ಪಕ್ಕ, ಸೂಟ್‌ಕೇಸಿನ ಮೇಲೆ ಕೂತಿದ್ದಾನೆ. ಬ್ರೇಕು ಒತ್ತಿದೆ. ಪ್ಯಾಂಟನ್ನು ಮೇಲಕ್ಕೆ ಮಡಚಿ, ಮಗಳು ತುರುಕಿ ಕಳಿಸಿದ್ದ ಪಟ್ಟಿಯನ್ನು ಮಂಡಿಗೆ ಸುತ್ತಿಕೊಳ್ಳುತ್ತಿದ್ದಾನೆ.

"ರೀ! ಬನ್ರೀ ಮೇಲೆ! ಇಲ್ಲಿಂದ ಎಲ್ಲಾ ಕಾಣುತ್ತೆ!"

"ನೀನು ನೋಡು" ಎಂದು ಅವನು ಕೈ ಬೀಸಿದ. "ನಾನು ಬ್ಯಾಗ್ ನೋಡ್ಕೋತೀನಿ."

ಬೆಳಕು ನೀರಿಗೆ ಬಿದ್ದು ಗೋಡೆಗಳ ಮೇಲೆಲ್ಲ ಅಲ್ಲಾಡುತ್ತಿತ್ತು. ಅವಳು ಕಣ್ಣು ತುಂಬ ನೋಡಿದಳು. ಅತ್ತ ನೋಡಿದಳು, ಇತ್ತ ನೋಡಿದಳು, ಸಾಕಾಗುವವರೆಗೆ ನೋಡಿದಳು. ಆಮೇಲೆ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದು ಬಂದು, ಸೊಂಟಕ್ಕೆ ಕೈ ಇಟ್ಟು ಅವನ ಮುಂದೆ ನಿಂತಳು.

"ಗಾಲಿ ಹೇಗಿದೆ?"

"ಒಂದು ಗೀರೂ ಇಲ್ಲ."

"ಮಂಡಿ?"

ಅವನ ಮೀಸೆ ಅಲ್ಲಾಡಿತು.

"ಸರಿ, ಅರ್ಧ ಜಾಗ ಬಿಟ್ಟು ಸರ್ಕೊಳ್ಳಿ" ಎಂದಳು. "ಇದು ನನ್ನ ಸೀಟು."